ಎಡಗೆನ್ನೆಯ ಕರೆಂಟು

ಬಾಯಿ ಮುಕ್ಕಳಿಸಲು ತುಂಬಿಕೊಂಡ ನೀರು ಎಡಗಡೆಯಿಂದ ತಾನಾಗಿ ಸೋರಿ ಕುಪ್ಪಸ ತೋಯ್ದಾಗ ಕಾಶಿಬಾಯಿಗೆ ಏನಾಯಿತೆಂದು ತಿಳಿಯಲಿಲ್ಲ. ಮತ್ತೊಮ್ಮೆ ತುಂಬಿಕೊಂಡಳು. ಮತ್ತೆ ಹಾಗೆಯೇ ಸೋರಿತು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಸುರೇಖಾ ಅದನ್ನು ಆಟವೆಂದುಕೊಂಡು ನಕ್ಕಳು. ಆ ಹುಡುಗಿಗೆ ಐದು ತುಂಬಿ ಆರು ನಡೆಯುತ್ತಿತ್ತು.

"ಚಿಗವ್ವ, ಮತ್ತ ಮಾಡು," ಎಂದಳು.

ಹಾಲಿನ ತಂಬಿಗೆ ಹಿಡಿದು ಹಿತ್ತಲಿನಿಂದ ಬರುತ್ತಿದ್ದ ಅತ್ತೆ ಗುರವ್ವ ಸೊಸೆಯ ಮುಖ ನೋಡಿ ಅಲ್ಲೇ ನಿಂತಳು.

"ಇತ್ತ ತಿರುಗು, ಕಾಶಿ."

ಕಾಶಿಬಾಯಿ ತಿರುಗಿದಳು. ಮುಖದ ಎಡಭಾಗ ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತಿತ್ತು. ಎಡಗಣ್ಣಿನ ರೆಪ್ಪೆ ಕೂಡುತ್ತಿರಲಿಲ್ಲ. ಮಾತಾಡಲು ಹೋದರೆ ಬಾಯಿ ಬಲಕ್ಕೆ ಸರಿಯಿತು.

ಗುರವ್ವ ತಂಬಿಗೆಯನ್ನು ಸಾವಕಾಶ ಕೆಳಗಿಟ್ಟಳು. "ಹೊನ್ನವ್ವ ಹೊಡದಾಳ," ಎಂದಳು ಸಣ್ಣ ದನಿಯಲ್ಲಿ. "ಬೆರಳಿನ ಗುರ್ತು ಒಂದ ಇಲ್ಲ."

ಹೊನ್ನವ್ವ ಕಾಶಿಬಾಯಿಯ ಒಡಹುಟ್ಟಿದ ಅಕ್ಕ, ಆ ಮನೆಯ ಮೊದಲ ಸೊಸೆ, ಸುರೇಖಾಳನ್ನು ಹೆತ್ತವಳು. ಅವಳು ತೀರಿಕೊಂಡು ೧೯೯೯ರ ಆ ಫೆಬ್ರುವರಿಗೆ ಸರಿಯಾಗಿ ಎರಡು ವರ್ಷವಾಗಿತ್ತು.

ಚಡಚಣದಿಂದ ಇಂಡಿಗೆ ಹೋಗುವ ರಸ್ತೆಯಿಂದ ಅರ್ಧ ಮೈಲಿ ಒಳಗೆ, ನಿಂಬೆಯ ತೋಟದಲ್ಲೇ ಅವರ ಮನೆ. ಹೊನ್ನವ್ವನ ಎರಡನೆಯ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಬಾಣಂತನಕ್ಕೆಂದು ಸಿಂದಗಿಯ ಕಡೆಯ ತವರಿನಿಂದ ತಂಗಿ ಬಂದಳು. ಕಾಶಿಬಾಯಿಗೆ ಆಗ ಇಪ್ಪತ್ತು. ಹದಿನೈದು ದಿನಕ್ಕೆ ಹೊನ್ನವ್ವನಿಗೆ ಜ್ವರ ಹತ್ತಿಕೊಂಡಿತು. ಬಾಣಂತಿಗೆ ಬರುವ ಜ್ವರವೇ, ನಾಳೆ ನೋಡೋಣ ಎಂದು ಗುರವ್ವ ಮೂರು ದಿನ ದೂಡಿದಳು. ನಾಲ್ಕನೆಯ ದಿನ ಮುಂಜಾನೆ ಹನ್ನೊಂದರ ಹೊತ್ತಿಗೆ ಹೊನ್ನವ್ವ ತಂಗಿಯನ್ನು ಹತ್ತಿರ ಕರೆದಳು.

"ರಸ್ತಾಕ ಹೋಗಿ ಯಾವುದರ ಗಾಡಿ ನಿಲ್ಲಿಸು. ಇಂಡಿಗೆ ಹೋಗೂಣು. ಅತ್ತಿಯವರಿಗೆ ಹೇಳಬ್ಯಾಡ. ನನಗ ಬಾಳ ತ್ರಾಸ ಆಗಾಕತ್ತೈತಿ."

ಕಾಶಿಬಾಯಿ ಓಡಿದಳು. ರಸ್ತೆಗೆ ಬರುವುದಕ್ಕೂ ಚಡಚಣದ ಕಡೆಯಿಂದ ಟ್ರ್ಯಾಕ್ಸ್ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸಂತೆಗೆ ಹೋಗಿದ್ದ ಅಕ್ಕನ ಗಂಡ ರೇವಣಪ್ಪ ಅದರಿಂದ ಇಳಿದ. ಇವಳೂ ಹತ್ತುತ್ತಾಳೇನೋ ಎಂದು ಡ್ರೈವರ್ ಒಂದು ಗಳಿಗೆ ನೋಡಿದ. ಅವಳು ಕೈ ಎತ್ತಲಿಲ್ಲ. ಗಾಡಿ ಧೂಳೆಬ್ಬಿಸಿಕೊಂಡು ಇಂಡಿಯ ಕಡೆ ಹೋಯಿತು.

ರೇವಣಪ್ಪನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ದ್ರಾಕ್ಷಿ ಇತ್ತು. "ಬಿಸಲಾಗ ಯಾಕ ನಿಂತಿ?" ಎಂದ. "ಬಾ, ನೆಳ್ಳಾಗ ಕೂಡು."

ಅಷ್ಟು ದಿನ ಒಂದೇ ಮನೆಯಲ್ಲಿದ್ದರೂ ಅವನು ಅವಳೊಂದಿಗೆ ಒಂಟಿಯಾಗಿ ಮಾತಾಡಿರಲಿಲ್ಲ. ಅವನು ಮನೆಗೆ ಬರುವ ಹೊತ್ತನ್ನು ಅವಳು ಮಾತ್ರ ಕಾಯುತ್ತಿದ್ದಳು. ಪಂಪ್‌ಸೆಟ್ಟಿನ ಕೋಣೆಯ ನೆರಳಿನಲ್ಲಿ ಇಬ್ಬರೂ ಕೂತರು. ಈಗ ಹೇಳಿದರಾಯಿತು, ಇನ್ನೊಂದು ಗೊಂಚಲು ಮುಗಿಯಲಿ ಎಂದುಕೊಂಡಳು. ಅಕ್ಕ ಯಾವಾಗಲೂ ನರಳುವವಳೇ ಎಂದೂ ಅನ್ನಿಸಿತು. ಅವನು ಸಂತೆಯ ಸುದ್ದಿ ಹೇಳಿದ, ಅವಳು ನಕ್ಕಳು. ಕಡೆಗೆ "ಅಕ್ಕಗ ಜ್ವರಾ ಬಾಳ ಏರೈತಿ, ಮಾಮಾ" ಎಂದು ಹೇಳುವ ಹೊತ್ತಿಗೆ ಒಂದು ತಾಸಿನ ಮೇಲಾಗಿತ್ತು.

ಮನೆಗೆ ಬಂದಾಗ ಹೊನ್ನವ್ವನಿಗೆ ಮಾತು ನಿಂತುಹೋಗಿತ್ತು. ತಂಗಿ ಬಾಗಿದಾಗ ಕೈ ಎತ್ತಿದಳು. ಕೆಂಡದಂತೆ ಸುಡುತ್ತಿದ್ದ ಆ ಕೈ ಕಾಶಿಬಾಯಿಯ ಎಡಗೆನ್ನೆಗೆ ಬಡಿದು ಕೆಳಗೆ ಜಾರಿತು. ಹೊಡೆಯಲು ಎತ್ತಿದ್ದೋ ಸವರಲು ಎತ್ತಿದ್ದೋ ಕಾಶಿಬಾಯಿಗೆ ಗೊತ್ತಾಗಲಿಲ್ಲ. ಮುಂದಿನ ಗಾಡಿ ಸಿಕ್ಕು, ಅದು ಇಂಡಿ ಮುಟ್ಟುವುದಕ್ಕೆ ಮೊದಲೇ ಹೊನ್ನವ್ವ ಹೋಗಿಬಿಟ್ಟಿದ್ದಳು.

ಆ ತಾಸಿನ ಬಗ್ಗೆ ಯಾರೂ ಕೇಳಲಿಲ್ಲ. ಗಾಡಿ ನಿಲ್ಲಿಸಲೆಂದೇ ಅಕ್ಕ ತನ್ನನ್ನು ಕಳಿಸಿದ್ದಳೆಂದು ಅವಳೂ ಯಾರಿಗೂ ಹೇಳಲಿಲ್ಲ. ವರ್ಷದೊಳಗೆ ಎರಡೂ ಮನೆಯ ಹಿರಿಯರು ಕೂಸಿಗೊಬ್ಬಳು ತಾಯಿ ಬೇಕೆಂದು ಮಾತಾಡಿ ಕಾಶಿಬಾಯಿಯನ್ನು ರೇವಣಪ್ಪನಿಗೆ ಕೊಟ್ಟರು. ಅವಳು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಒಳಗೆ ಇದ್ದದ್ದು ಹೂಂ ಎಂಬುದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು.

ಅದಕ್ಕೇ ಗುರವ್ವನ ಮಾತು ಕೇಳಿದಾಗ ಕಾಶಿಬಾಯಿಗೆ ಆಶ್ಚರ್ಯವಾಗಲಿಲ್ಲ. ಎರಡು ವರ್ಷದಿಂದ ಕಾಯುತ್ತಿದ್ದ ಪೆಟ್ಟು ಬಿದ್ದಿದೆ, ಅಷ್ಟೇ ಎನ್ನಿಸಿತು.

ಗುರವ್ವ ಲಚ್ಯಾಣದ ಮಠಕ್ಕೆ ನಡೆದು ಹೋಗಿ ಅಂಗಾರದ ಬೂದಿ ತಂದು ಸೊಸೆಯ ಕೆನ್ನೆಗೆ ಹಚ್ಚಿದಳು. ಯಾರೋ ಹೇಳಿದರೆಂದು ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದ್ದೂ ಆಯಿತು. ಮೂರನೆಯ ದಿನ ರೇವಣಪ್ಪ ಅವಳನ್ನು ಇಂಡಿಗೆ ಕರೆದೊಯ್ದ. ಡಾಕ್ಟರು ಪರೀಕ್ಷೆ ಮಾಡಿ, ಇದು ಮೈಗೆ ಹೊಡೆಯುವ ಲಕ್ವಾ ಅಲ್ಲ, ಮುಖಕ್ಕೆ ಹೋಗುವ ಒಂದೇ ನರ ಕಿವಿಯ ಹಿಂದೆ ಬಾತುಕೊಂಡಿದೆ ಎಂದರು. ಹತ್ತು ದಿನ ಗುಳಿಗೆ ಕೊಟ್ಟರು. ಮೂರು ವಾರವಾದರೂ ಗುಣ ಕಾಣದಿದ್ದಾಗ ಚೀಟಿ ಬರೆದು, ಕರೆಂಟಿನ ಚಿಕಿತ್ಸೆ ಕೊಡುವ ಭಾಗ್ಯಜ್ಯೋತಿಯ ಹತ್ತಿರ ಕಳಿಸಿದರು.

ಭಾಗ್ಯಜ್ಯೋತಿ ಬಸವನ ಬಾಗೇವಾಡಿಯವಳು. ಮಿರಜದಲ್ಲಿ ಫಿಜಿಯೋಥೆರಪಿ ಕಲಿತು, ಹಿಂದಿನ ದಸರಾದಲ್ಲಿ ಇಂಡಿಯ ಪೇಟೆಯ ಹಿಂದೆ ಒಂದು ಉದ್ದನೆಯ ಕೋಣೆ ಹಿಡಿದಿದ್ದಳು. ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದ್ದಳು. ಎರಡರಲ್ಲೂ ಒಂದೊಂದು ಮಂಚ. ಈಚೆಯ ಗೋಡೆಗೆ ಕನ್ನಡಿ, ಅದರ ಕೆಳಗೆ ಮೇಜಿನ ಮೇಲೆ ಎರಡು ಗುಂಡಿಯ, ಹಳೆಯ ರೇಡಿಯೋದಷ್ಟು ದೊಡ್ಡ ಮಷೀನು. ಕೆಲಸಕ್ಕೆ ಇಮಾಮಬಿ ಎಂಬ ಐವತ್ತರ ಹೆಂಗಸು ಇದ್ದಳು. ಬೋಗುಣಿಯಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ಇಟ್ಟುಕೊಂಡು, ಮಡಿಸಿದ ಬಟ್ಟೆಗಳನ್ನು ಅದರಲ್ಲಿ ಅದ್ದಿ ಹದವಾಗಿ ಹಿಂಡಿ ಕೊಡುವುದು ಅವಳ ಕೆಲಸ.

"ಕರೆಂಟ್ ಬರೇ ಮೈಗೆ ಮುಟ್ಟಬಾರದು ನೋಡ್ರಿ," ಎಂದಳು ಭಾಗ್ಯಜ್ಯೋತಿ, ಒಂದು ಚೌಕ ತಗಡನ್ನು ಬಟ್ಟೆಯ ಮಡಿಕೆಯೊಳಗೆ ಸೇರಿಸುತ್ತ. "ತಗಡು ಚರ್ಮಕ್ಕ ಹತ್ತಿದ್ರ ಸುಡತೈತಿ. ನಡುವ ಮೆತ್ತಂದು ಬೇಕು, ತೊಯ್ದದ್ದು ಬೇಕು. ಅದು ಕರೆಂಟನ್ನ ಎಲ್ಲಾ ಕಡೆ ಸಮಾ ಹಂಚತೈತಿ. ಹದಿನಾರು ಪದರು ಮಾಡೇನಿ, ಹೆದರಬ್ಯಾಡ್ರಿ."

"ಯಾವ ಬಟ್ಟಿ ಇದು?" ಎಂದು ರೇವಣಪ್ಪ ಕೇಳಿದ.

"ಹಳೇ ಧೋತರ," ಎಂದಳು ಇಮಾಮಬಿ. "ಹೊಸಾದು ನೀರು ಕುಡಿಯೂದಿಲ್ರಿ. ನೂರು ಸಲ ಒಗದದ್ದ ಆಗಬೇಕು."

ಬಟ್ಟೆಯ ಆ ಮೆತ್ತೆಯನ್ನು ಕಾಶಿಬಾಯಿಯ ಕತ್ತಿನ ಹಿಂದೆ ಕಟ್ಟಿದರು. ಇನ್ನೊಂದು ತಂತಿಯ ತುದಿಯಲ್ಲಿ ಪೆನ್ನಿನಂಥ ಹಿಡಿಕೆ, ಅದರ ಮೂತಿಗೆ ಅರಳೆ ಸುತ್ತಿತ್ತು. ಭಾಗ್ಯಜ್ಯೋತಿ ಅದನ್ನು ಉಪ್ಪುನೀರಿನಲ್ಲಿ ಅದ್ದಿ ಕೆನ್ನೆಗೆ ಇಟ್ಟು ಗುಂಡಿ ತಿರುಗಿಸಿದಳು. ಮೊದಲು ಇರುವೆ ಹರಿದಂತಾಯಿತು. ನಾಲಗೆಯ ಮೇಲೆ ತಾಮ್ರದ ರುಚಿ ಬಂತು. ಆಮೇಲೆ ಕೆನ್ನೆ ತಾನಾಗಿ ಹಾರಿತು.

"ಕನ್ನಡಿ ನೋಡ್ರಿ," ಎಂದಳು ಭಾಗ್ಯಜ್ಯೋತಿ. "ಸ್ನಾಯು ಸತ್ತಿಲ್ಲ. ನಗಾಕತ್ತೈತಿ."

ಕಾಶಿಬಾಯಿ ನೋಡಿದಳು. ಮೂರು ವಾರ ಜೋತುಬಿದ್ದಿದ್ದ ಬಾಯಿಯ ಎಡಮೂಲೆ ಮೇಲೆದ್ದಿತ್ತು, ಎಡಮೂಲೆ ಮಾತ್ರ. ಉಳಿದ ಮುಖ ಸುಮ್ಮನಿತ್ತು. ಆ ನಗು ಅವಳದಾಗಿರಲಿಲ್ಲ. ಅಕ್ಕತಂಗಿಯರ ಮುಖದಲ್ಲಿ ಹೋಲಿಕೆ ಕಡಿಮೆ. ಆದರೆ ಹೊನ್ನವ್ವ ನಗುವಾಗ ಮೊದಲು ಎಡಗಡೆಯ ತುಟಿಯಷ್ಟೇ ಏಳುತ್ತಿತ್ತು, ನಗಬೇಕೋ ಬೇಡವೋ ಎಂದು ಯೋಚಿಸುವ ಹಾಗೆ. ತವರಿನಲ್ಲಿ ಎಲ್ಲರೂ ಅದಕ್ಕೆ ಅವಳನ್ನು ಕಾಡುತ್ತಿದ್ದರು.

ಕಾಶಿಬಾಯಿ ಕಣ್ಣು ಮುಚ್ಚಿಕೊಳ್ಳಲು ಹೋದಳು. ಬಲಗಣ್ಣು ಮುಚ್ಚಿತು. ಎಡಗಣ್ಣು ಮುಚ್ಚಲಿಲ್ಲ. ಅದರಿಂದ ನೋಡಲೇಬೇಕಾಯಿತು.

ಪ್ರತಿದಿನ ಬರಬೇಕೆಂದು ಹೇಳಿದ್ದರಿಂದ ಅವಳು ಮುಂಜಾನೆಯ ಅಡಿಗೆ ಮುಗಿಸಿ ರಸ್ತೆಗೆ ಬಂದು, ಸಿಕ್ಕ ಗಾಡಿ ಹತ್ತಿ ಇಂಡಿಗೆ ಹೋಗಿ ಮಧ್ಯಾಹ್ನಕ್ಕೆ ತಿರುಗಿ ಬರತೊಡಗಿದಳು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಆಗಿದ್ದರು. ಗುರವ್ವ ಅವಳ ಎಡಗಡೆಗೆ ಬರುವುದನ್ನೇ ಬಿಟ್ಟಳು. ಮಾತಾಡಬೇಕಾದರೆ ಸುತ್ತಿ ಬಲಗಡೆಗೆ ಬಂದು ಮಾತಾಡುತ್ತಿದ್ದಳು. ಅಮಾವಾಸ್ಯೆಯ ದಿನ ಹಿತ್ತಲ ಬೇವಿನ ಬುಡದಲ್ಲಿ ಹೋಳಿಗೆಯ ಎಡೆ ಇಟ್ಟು, "ತಿಂದು ಹೋಗವಾ, ಕೂಸಿನ್ನ ನೋಡಿಕೊಳ್ಳಾಕಿನ್ನ ಬಿಡು" ಎಂದು ಹೇಳಿದ್ದನ್ನು ಕಾಶಿಬಾಯಿ ಅಡಿಗೆಮನೆಯ ಕಿಟಕಿಯಿಂದ ಕೇಳಿದಳು. ಮಧ್ಯಾಹ್ನ ಅವಳು ಮಲಗಿದರೆ ಸುರೇಖಾ ಪಕ್ಕದಲ್ಲಿ ಕೂತು ಅಜ್ಜಿಯನ್ನು ಕರೆಯುತ್ತಿದ್ದಳು.

"ಆಯಿ, ಚಿಗವ್ವ ಮಲ್ಕೊಂಡಾಳ, ಒಂದು ಕಣ್ಣು ಎದ್ದೈತಿ. ನನ್ನ ನೋಡಾಕತ್ತೈತಿ."

ಗುರವ್ವ ಬಂದು ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಿದ್ದಳು.

ರೇವಣಪ್ಪ ಮಾತಾಡುತ್ತಿರಲಿಲ್ಲ. ತೋಟದಿಂದ ತಡವಾಗಿ ಬರುತ್ತಿದ್ದ. ಭಾಗ್ಯಜ್ಯೋತಿ ದಿನವೂ ಪ, ಬ, ಮ ಎಂದು ನೂರು ಸಲ ಅನ್ನಬೇಕೆಂದು ಹೇಳಿದ್ದಳು. ಕಾಶಿಬಾಯಿ ಅಂದರೆ ಎಡತುಟಿಯಿಂದ ಬರೀ ಗಾಳಿ ಹೋಗುತ್ತಿತ್ತು. ಮದುವೆಗೆ ಮೊದಲು ಅವನನ್ನು ಕರೆಯುತ್ತಿದ್ದ ಮಾಮಾ ಎಂಬ ಮಾತು ಈಗ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಒಂಬತ್ತನೆಯ ದಿನ ಸಾಲಿಗೆ ಸೂಟಿ ಇತ್ತು. ಸುರೇಖಾ ಹಟ ಹಿಡಿದು ಜೊತೆಗೆ ಬಂದಳು. ಇಮಾಮಬಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬೋಗುಣಿಯ ಉಪ್ಪುನೀರಿನಲ್ಲಿ ಕೈ ಆಡಿಸಲು ಬಿಟ್ಟಳು. ಭಾಗ್ಯಜ್ಯೋತಿ ಎಂದಿನಂತೆ ಕೆನ್ನೆಗೆ ಕರೆಂಟು ಕೊಟ್ಟಳು. ತುಟಿಯ ಮೂಲೆ ಎದ್ದಿತು.

ಹುಡುಗಿ ನೀರಿನಿಂದ ಕೈ ತೆಗೆದಳು.

"ಅವ್ವ," ಎಂದಳು.

ಕರೆಂಟು ನಿಂತಿತು. ತುಟಿ ಇಳಿಯಿತು.

"ಹ್ವಾದ್ಲು," ಎಂದಳು ಸುರೇಖಾ. ಮತ್ತೆ ಕರೆಂಟು ಬಂದಾಗ "ಬಂದ್ಲು" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಕಿಟಕಿಯಲ್ಲಿ ಗುರುತಿನವರು ಹಾದುಹೋಗುವುದನ್ನು ಹೇಳುವ ಹಾಗಿತ್ತು. ಭಾಗ್ಯಜ್ಯೋತಿ ಅರ್ಥವಾಗದೆ ಹುಡುಗಿಯ ಮುಖ ನೋಡಿದಳು.

"ಯಾರವಾ ಬಂದದ್ದು?"

"ನಮ್ಮವ್ವ. ಸತ್ತಾಳಲ್ಲ, ಆಕಿ. ಇನ್ನೊಮ್ಮೆ ಮಾಡ್ರಿ."

ಕಾಶಿಬಾಯಿ ಕನ್ನಡಿಯಿಂದ ಮುಖ ತಿರುಗಿಸಿದಳು. ತಾನೊಬ್ಬಳೇ ಕಂಡದ್ದಾಗಿದ್ದರೆ ಮನಸ್ಸಿನ ಭ್ರಮೆ ಎಂದುಕೊಳ್ಳಬಹುದಿತ್ತು. ತಾಯಿ ಸಾಯುವಾಗ ಮೂರೂವರೆ ವರ್ಷದವಳಾಗಿದ್ದ ಹುಡುಗಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರು? ತಿರುಗಿ ಬರುವಾಗ ಗಾಡಿಯಲ್ಲಿ ಸುರೇಖಾ ಅವಳ ಎಡಗಡೆಗೇ ಕೂತಳು, ಜೋತ ಕೆನ್ನೆಯ ಮೇಲೆ ಬೆರಳಿಟ್ಟು "ಅವ್ವ, ಮನಿಗೆ ಬರ್ತೀ?" ಎಂದು ಕೇಳಿದಳು. ಮದುವೆಯಾದಾಗಿನಿಂದ ಅವಳು ಕಾಶಿಬಾಯಿಯನ್ನು ಒಮ್ಮೆಯೂ ಅವ್ವ ಎಂದಿರಲಿಲ್ಲ. ಅಂದಿನಿಂದ ಎಡಗಡೆಗೆ ಬಂದರೆ ಅವ್ವ, ಬಲಗಡೆಗೆ ಬಂದರೆ ಚಿಗವ್ವ.

ಆಮೇಲೆ ಕಾಶಿಬಾಯಿಯ ಹೆದರಿಕೆ ಬೇರೆಯದೇ ಆಯಿತು. ಇಂಡಿಗೆ ಹೋಗುವ ಹೊತ್ತನ್ನು ಅವಳು ಕಾಯತೊಡಗಿದಳು. ಗುಣವಾಗಬೇಕೆಂದಲ್ಲ, ಅಕ್ಕನನ್ನು ನೋಡಬೇಕೆಂದು. ಕನ್ನಡಿಯಲ್ಲಿ ಆ ತುಟಿ ಏಳುವ ಅರೆಗಳಿಗೆ ಅವಳಿಗೆ ಸಾಲುತ್ತಿರಲಿಲ್ಲ.

ಮೂರನೆಯ ವಾರ ಭಾಗ್ಯಜ್ಯೋತಿ ಮಿರಜಕ್ಕೆ ಹೋದವಳು ಹೊಸ ಪಟ್ಟಿಗಳನ್ನು ತಂದಳು. ಇದ್ದಿಲ ಪುಡಿ ಬೆರೆಸಿ ಮಾಡಿದ ರಬ್ಬರು, ಎಮ್ಮೆಯ ನಾಲಿಗೆಯಂತೆ ಕಪ್ಪಗೆ ಮೆತ್ತಗೆ ಇತ್ತು. ಹೇಗೆ ಒತ್ತಿದರೆ ಹಾಗೆ ಬಾಗುತ್ತಿತ್ತು.

"ತಗಡು ಕೆನ್ನಿಗೆ ಒಗ್ಗೂದಿಲ್ರಿ, ಇದು ಮಾರಿ ಹೆಂಗೈತಿ ಹಂಗ ಕೂಡತೈತಿ," ಎಂದು ಅದರ ಅಡಿಗೆ ಒದ್ದೆ ಬಟ್ಟೆಯ ಮಡಿಕೆ ಇಟ್ಟು, ಕೆನ್ನೆಯ ಮೇಲೆ ಹೊಂದಿಸಿ ಪಟ್ಟಿ ಅಂಟಿಸಿದಳು. "ಈಗ ನಾ ಹಿಡಕೊಂಡು ನಿಂದರೂದು ಬೇಕಿಲ್ಲ. ಮಷೀನ ತಾನ ಕೊಡತೈತಿ, ತಾನ ಬಿಡತೈತಿ. ಹತ್ತು ಮಿನಿಟು. ಕರೆಂಟ್ ಬಂದಾಗ ನೀವೂ ನಗಾಕ ನೋಡ್ರಿ. ಬಟ್ಟಿ ಒಣಗಿದಂಗ ಅನಿಸಿದ್ರ ಇಮಾಮಬಿನ್ನ ಕರೀರಿ, ಒಣಾ ಬಟ್ಟಿ ಸುಡತೈತಿ."

ಹಾಗೆ ಹೇಳಿ ಅವಳು ಪರದೆಯ ಆಚೆ, ಲಕ್ವಾ ಹೊಡೆದು ಕಾಲು ಬಿದ್ದಿದ್ದ ಗುರಪ್ಪ ಎಂಬ ಮುದುಕನ ಹತ್ತಿರ ಹೋಗುತ್ತಿದ್ದಳು. ಕಾಶಿಬಾಯಿ ಕನ್ನಡಿಯ ಎದುರಿಗೆ ಒಬ್ಬಳೇ ಉಳಿಯುತ್ತಿದ್ದಳು. ಮೊದಲ ದಿನ ಸುಮ್ಮನೆ ನೋಡಿದಳು. ಎರಡನೆಯ ದಿನ, ತುಟಿ ಎದ್ದಾಗ, "ಸುರೇಖಾ ಸಾಲಿಗೆ ಹೋಗ್ತಾಳ" ಎಂದಳು. ಮೂರನೆಯ ದಿನ ಇನ್ನಷ್ಟು ಮನೆಯ ಸುದ್ದಿ ಹೇಳಿದಳು. ತುಟಿ ಎದ್ದು ಇಳಿದು, ಎದ್ದು ಇಳಿದು ಕೇಳಿಸಿಕೊಂಡಿತು. ಹೇಳಬೇಕಾದ್ದನ್ನು ಮಾತ್ರ ಹೇಳಲಿಲ್ಲ. ನಾಳೆಯೂ ಇದೆಯಲ್ಲ ಎಂದುಕೊಂಡಳು.

ಒಂದು ದಿನ ಭಾಗ್ಯಜ್ಯೋತಿ ಅವಳಿಗೆ ಕಣ್ಣು ಮುಚ್ಚಲು ಹೇಳಿ, ಹುಬ್ಬು ಏರಿಸಲು ಹೇಳಿ, ಮುಖವರಳಿಸಿದಳು.

"ರೆಪ್ಪಿ ಅರ್ಧಾ ಕೂಡಾಕತ್ತೈತಿ. ನರಾ ತಾನ ಎಚ್ಚರಾಗೈತಿ. ಇನ್ನ ಕರೆಂಟ್ ಬ್ಯಾಡ್ರಿ. ನಾಳಿ ಒಂದಿನ ಕೊಟ್ಟು ಬಿಡೂಣು."

"ಇನ್ನೊಂದು ತಿಂಗಳ ಕೊಡ್ರಿ, ಬಾಯಾರ."

"ಬ್ಯಾಡ್ರಿ. ನರಾ ಚಿಗಿಯೂವಾಗ ಜಾಸ್ತಿ ಕರೆಂಟ್ ಕೊಟ್ರ ಹಾದಿ ತಪ್ಪತಾವ ಅಂತಾರ."

ಮಾರನೆಯ ದಿನ ಕಾಶಿಬಾಯಿ ಕೊನೆಯ ಸಲ ಕನ್ನಡಿಯ ಮುಂದೆ ಕೂತಳು. ಕಪ್ಪು ಪಟ್ಟಿ ಕೆನ್ನೆಗೆ ಅಂಟಿತ್ತು. ಪರದೆಯ ಆಚೆ ಭಾಗ್ಯಜ್ಯೋತಿ ಮುದುಕನಿಗೆ ಹೆಜ್ಜೆ ಎಣಿಸುತ್ತಿದ್ದಳು. ಇಮಾಮಬಿ ನೀರು ತರಲು ಹೊರಗೆ ಹೋಗಿದ್ದಳು. ತುಟಿ ಎದ್ದಿತು, ಇಳಿಯಿತು. ಎದ್ದಿತು, ಇಳಿಯಿತು. ಹಾಗೆ ಇಳಿಯುವುದನ್ನು ನೋಡಲಾಗದೆ ಅವಳು ಕೈ ಚಾಚಿ ಮೊದಲ ಗುಂಡಿಯನ್ನು ತಿರುಗಿಸಿದಳು. ಕರೆಂಟು ನಡುನಡುವೆ ನಿಲ್ಲುವುದು ತಪ್ಪಿ ಒಂದೇ ಸಮ ಹರಿಯತೊಡಗಿತು. ಎರಡನೆಯ ಗುಂಡಿ ತಿರುಗಿಸಿ ಅದನ್ನು ಜೋರು ಮಾಡಿದಳು.

ತುಟಿ ಎದ್ದು ನಿಂತಿತು. ನಂತರ ಅದರ ಹಿಂದೆಯೇ ಎಡಗಣ್ಣು ಕೂಡಿಕೊಂಡಿತು, ಕೆನ್ನೆ ಬಿಗಿಯಿತು, ಹಲ್ಲು ಕಂಡವು. ಈಗ ಕನ್ನಡಿಯಲ್ಲಿದ್ದದ್ದು ನಗುವ ಹೊನ್ನವ್ವನಲ್ಲ. ಹೊರಸಿನ ಮೇಲೆ ಹಲ್ಲು ಕಚ್ಚಿ ಮಲಗಿ, ಬಾಗಿಲ ಕಡೆ ನೋಡುತ್ತ ತಂಗಿಯ ದಾರಿ ಕಾದ ಹೊನ್ನವ್ವ.

"ಅಕ್ಕಾ," ಎಂದಳು ಕಾಶಿಬಾಯಿ. "ಗಾಡಿ ಬಂದಿತ್ತು. ನನ್ನ ಮುಂದನ ನಿಂತಿತ್ತು. ನಾ ಕೈ ಮಾಡಲಿಲ್ಲ. ಮಾಮಾ ದ್ರಾಕ್ಷಿ ಕೊಟ್ಟ. ಅದನ್ನ ತಿಂದಕೊಂತ ಕೂತಿದ್ದೆ. ನೀ ಕಾಯಾಕತ್ತಿದ್ದಿ ಅನ್ನೂದು ನೆನಪಿತ್ತು. ಮರತಿರಲಿಲ್ಲ ಅಕ್ಕಾ. ನೆನಪಿತ್ತು."

ಕೆನ್ನೆ ಸುಡತೊಡಗಿತು. ಬಟ್ಟೆಯ ಒಂದು ಅಂಚು ಒಣಗಿರಬೇಕೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೆ ಆ ಸುಡುವಿಕೆ ಅವಳಿಗೆ ಗುರುತಿನದಾಗಿತ್ತು. ಆವತ್ತು ಅದೇ ಕೆನ್ನೆಗೆ ಬಡಿದು ಜಾರಿದ ಕೈ ಈ ಸಲ ಜಾರದೆ ನಿಂತಿದೆ ಎನ್ನಿಸಿತು. ಅವಳು ಅದಕ್ಕೆ ಒರಗಿಕೊಂಡಳು.

ಬಾಗಿಲಲ್ಲಿ ಕೊಡ ಇಳಿಸುತ್ತಿದ್ದ ಇಮಾಮಬಿ ಅದನ್ನು ನೋಡಿ ಕೂಗಿದಳು. ಭಾಗ್ಯಜ್ಯೋತಿ ಪರದೆ ಸರಿಸಿ ಓಡಿಬಂದು ಮಷೀನು ಆರಿಸಿ ಪಟ್ಟಿ ಕಿತ್ತಳು. ಅಡಿಯಲ್ಲಿ ಹುಣಸೆಬೀಜದಷ್ಟು ಜಾಗ ಬೆಳ್ಳಗೆ ಬೆಂದಿತ್ತು. ಮುಖ ಇಳಿದು ಮೊದಲಿನಂತಾಯಿತು. ಕಾಶಿಬಾಯಿ ಕನ್ನಡಿಯನ್ನೇ ನೋಡುತ್ತಿದ್ದಳು.

ಭಾಗ್ಯಜ್ಯೋತಿ ಗಾಯ ತೊಳೆದು ಮುಲಾಮು ಹಚ್ಚಿ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದಳು. ಇಮಾಮಬಿ ಮುದುಕನನ್ನು ಹೊರಗೆ ಕೂರಿಸಿ ಬಂದಳು.

"ಪರದೆ ತೆಳ್ಳಗೈತಿ," ಎಂದಳು ಭಾಗ್ಯಜ್ಯೋತಿ. "ನೀವು ಅಂದದ್ದು ನನಗ ಕೇಳಿಸ್ತು."

ಕಾಶಿಬಾಯಿ ತಲೆ ತಗ್ಗಿಸಿ ಅಕ್ಕನ ನಾಲ್ಕು ದಿನದ ಜ್ವರ, ತಾನು ಕಳೆದ ಆ ಒಂದು ತಾಸು, ಎಲ್ಲ ಹೇಳಿದಳು. "ಆಕಿ ಹೊಡದಾಳ್ರಿ ನನಗ. ಹೊಡಿಯೂದು ಬರೋಬ್ಬರಿ ಐತಿ."

"ಮಾರಿ ಬಿದ್ದದ್ದು ನರಾ ಬಾತದ್ದಕ್ಕ. ಅದನ್ನ ನಾ ಖಾತ್ರಿ ಹೇಳ್ತೇನಿ. ನಾಕು ದಿನದ ಜ್ವರಾ ಅದು, ಒಂದ ತಾಸಿಂದಲ್ಲ. ಆದ್ರ ಆ ತಾಸಿನಾಗ ದವಾಖಾನಿ ಮುಟ್ಟಿದ್ರ ಉಳೀತಿದ್ಲೋ ಇಲ್ಲೋ, ಅದನ್ನ ಹೇಳಾಕ ನನಗ ಬರೂದಿಲ್ಲ. ಸುಳ್ಳು ಸಮಾಧಾನ ಹೇಳೂದಿಲ್ಲ." ಅವಳು ಮುಲಾಮಿನ ಡಬ್ಬಿ ಮುಚ್ಚಿದಳು. "ಇದನ್ನ ಕನ್ನಡಿಗೆ ಹೇಳಿ ಉಪಯೋಗಿಲ್ಲ. ಮನ್ಯಾಗ ಹೇಳಬೇಕಾದವರಿದ್ರ ಅವರಿಗೆ ಹೇಳ್ರಿ."

ಕಾಶಿಬಾಯಿ ಆ ದಿನ ರಸ್ತೆಯಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರವಾಗಿ ತೋಟಕ್ಕೆ ಹೋದಳು. ರೇವಣಪ್ಪ ಉದುರಿದ ನಿಂಬೆಹಣ್ಣು ಆರಿಸಿ ಚೀಲ ತುಂಬುತ್ತಿದ್ದ. ಅವಳ ಕೆನ್ನೆಯ ಪಟ್ಟಿ ನೋಡಿ ಏನಾಯಿತೆಂದು ಕೇಳಿದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಗಾಡಿ ನಿಲ್ಲಿಸಲು ಅಕ್ಕ ಕಳಿಸಿದ್ದು, ಅವನು ಇಳಿದ ಗಾಡಿಯನ್ನೇ ಬಿಟ್ಟದ್ದು, ಒಂದು ತಾಸು ಸುಮ್ಮನಿದ್ದದ್ದು. ತುಟಿ ಅಲ್ಲಲ್ಲಿ ತೊಡರಿದರೂ ಮಾತು ನಿಲ್ಲಲಿಲ್ಲ.

ರೇವಣಪ್ಪ ಚೀಲದ ಬಾಯಿಗೆ ಹಗ್ಗ ಕಟ್ಟುತ್ತಿದ್ದವನು ಕಟ್ಟಿ ಮುಗಿಸಿದ.

"ನಾ ಇಳದಾಗ ನಿನ್ನ ಮಾರಿ ನೋಡಿದ್ದೆ," ಎಂದ. "ಓಡಿ ಬಂದಿದ್ದಿ. ಉಸರ ಹತ್ತಿತ್ತು. ಮನ್ಯಾಗ ಏನೋ ಆಗೈತಿ ಅಂತ ನನಗ ತಿಳೀತು. ಕೇಳಿದ್ರ ಹೋಗಬೇಕಾಗ್ತಿತ್ತು. ಅದಕ್ಕ ಕೇಳಲಿಲ್ಲ."

ಅವಳು ಅವನನ್ನು ನೋಡಿದಳು. ಎರಡು ವರ್ಷ ಅವನು ಇದನ್ನು ಇಟ್ಟುಕೊಂಡು ತನ್ನ ಪಕ್ಕದಲ್ಲಿ ಉಂಡಿದ್ದ, ಮಲಗಿದ್ದ. ಅವನ ಮೇಲೆ ಸಿಟ್ಟು ಬರಬೇಕೆಂದು ಕಾದಳು, ಬರಲಿಲ್ಲ. ಹಗುರವೂ ಆಗಲಿಲ್ಲ. ಒಬ್ಬಳೇ ಹೊತ್ತಿದ್ದ ಹೊರೆಗೆ ಇನ್ನೊಬ್ಬರ ಹೆಗಲು ಸಿಕ್ಕರೂ ಹೊರೆ ಅಷ್ಟೇ ಇತ್ತು. ಅವನು ಚೀಲ ಹೊತ್ತುಕೊಂಡು ನಡೆದ. ಸ್ವಲ್ಪ ದೂರ ಹೋಗಿ ಅವಳಿಗಾಗಿ ನಿಂತ. ಇಬ್ಬರೂ ಮನೆಗೆ ಬಂದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಮುಖ ಸರಿಹೋಯಿತು. ಕಣ್ಣು ಮುಚ್ಚಿತು, ನೀರು ಬಾಯಲ್ಲಿ ನಿಂತಿತು, ನಕ್ಕರೆ ಎರಡೂ ಕಡೆ ನಗು ಬಂತು. ಸುಟ್ಟ ಜಾಗದಲ್ಲಿ ಸಣ್ಣ ಬಿಳಿ ಕಲೆ ಉಳಿಯಿತು. ಗುರವ್ವ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಸುರೇಖಾ ಮಾತ್ರ ಕೆಲವು ದಿನ ಎಡಗಡೆಗೆ ಬಂದು ಕೂತು, ಮುಖವನ್ನು ಹತ್ತಿರದಿಂದ ನೋಡಿ ಎದ್ದುಹೋಗುತ್ತಿದ್ದಳು. ಆಮೇಲೆ ಯಾವ ಕಡೆಯಿಂದ ಬಂದರೂ ಚಿಗವ್ವ ಎನ್ನತೊಡಗಿದಳು.

ಶ್ರಾವಣದಲ್ಲಿ ಒಂದು ದಿನ ರೊಟ್ಟಿ ಮುರಿದು ಬಾಯಿಗಿಟ್ಟಾಗ ಕಾಶಿಬಾಯಿಯ ಎಡಗಣ್ಣಿನಿಂದ ನೀರು ಇಳಿಯಿತು. ಖಾರವೆಂದುಕೊಂಡಳು. ಮಾರನೆಯ ದಿನ ಬರೀ ಮೊಸರನ್ನ ಉಂಡಾಗಲೂ ಇಳಿಯಿತು. ಬಲಗಣ್ಣು ಒಣಗಿಯೇ ಇರುತ್ತಿತ್ತು. ತುತ್ತು ಅಗಿಯುವಷ್ಟು ಹೊತ್ತು ಎಡಗಣ್ಣು ಸುರಿಯುತ್ತಿತ್ತು, ಊಟ ಮುಗಿದ ಮೇಲೆ ನಿಲ್ಲುತ್ತಿತ್ತು. ದುಃಖವಿಲ್ಲ, ನೋವಿಲ್ಲ. ಪಂಕ್ತಿಯಲ್ಲಿ ಎದುರಿಗೆ ಕೂತ ಗುರವ್ವ ಎರಡು ದಿನ ನೋಡಿ, ಮೂರನೆಯ ದಿನದಿಂದ ತನ್ನ ತಟ್ಟೆ ತೆಗೆದುಕೊಂಡು ಪಡಸಾಲೆಗೆ ಹೋಗಿ ಉಣ್ಣತೊಡಗಿದಳು.

ಮತ್ತೆ ಇಂಡಿಗೆ ಹೋದಾಗ ಭಾಗ್ಯಜ್ಯೋತಿ ಒಂದು ಪೇಡೆ ಕೊಟ್ಟು ತಿನ್ನಿಸಿ ನೋಡಿದಳು. ಇಳಿದ ಕಣ್ಣೀರನ್ನು ಅರಳೆಯಿಂದ ಒರೆಸಿದಳು.

"ತ್ವಾಟಕ್ಕ ನೀರು ಬಿಡ್ತೀರಲ್ಲ," ಎಂದಳು. "ಒಡ್ಡು ಒಡದು ಒಂದು ಮಡಿಯ ನೀರು ಇನ್ನೊಂದು ಮಡಿಗೆ ಹೋದಂಗ ಆಗೈತಿ. ನರಾ ತಿರುಗಿ ಬೆಳೆಯೂವಾಗ ಬಾಯಾಗ ಜೊಲ್ಲು ಬರಸೂ ಎಳಿ ಕಣ್ಣಿಗೆ ಹೋಗಿ ಕೂಡೈತಿ. ಉಣ್ಣೂವಾಗ ಕಣ್ಣಾಗ ನೀರು ಬರತೈತಿ."

"ಆವತ್ತು ನಾ ಗುಂಡಿ ತಿರಿವಿದ್ದಕ್ಕ?"

"ಗೊತ್ತಿಲ್ರಿ. ಕರೆಂಟ್ ಮುಟ್ಟದವರಿಗೂ ಆಗತೈತಿ."

"ನಿಲ್ತೈತೇನ್ರಿ?"

"ನನಗ ತಿಳದಂಗ ಇಲ್ಲ."

ಹೀಗೆ ನಾಲ್ಕು ವರ್ಷ ಕಳೆಯಿತು. ಗೊತ್ತಿದ್ದವರು ಕೇಳುವುದನ್ನು ಬಿಟ್ಟರು. ಗೊತ್ತಿಲ್ಲದವರು ಕೇಳಿದರೆ, ನರದ ತ್ರಾಸು, ಇಂಡಿಯ ಡಾಕ್ಟರಬಾಯಿ ಹೇಳ್ಯಾರ ಎಂದು ಕಾಶಿಬಾಯಿ ಹೇಳುತ್ತಿದ್ದಳು. ಅದು ನಿಜವೇ ಆಗಿತ್ತು.

೨೦೦೩ರಲ್ಲಿ ಒಂದು ಸೋಮವಾರ ಲಚ್ಯಾಣದ ಮಠದ ದಾಸೋಹಕ್ಕೆ ಹೋಗಿದ್ದಳು. ಪಂಕ್ತಿಯಲ್ಲಿ ಪಕ್ಕಕ್ಕೆ ಮುದ್ದೇಬಿಹಾಳದ ಕಡೆಯಿಂದ ಬಂದ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಎಲೆಗೆ ಗೋಧಿ ಹುಗ್ಗಿ ಬಿತ್ತು, ಮೇಲೆ ತುಪ್ಪ ಬಿತ್ತು. ಕಾಶಿಬಾಯಿ ಮೊದಲ ತುತ್ತು ಇಟ್ಟುಕೊಂಡಳು. ಕಣ್ಣೀರು ಕೆನ್ನೆಯಿಂದ ಗದ್ದಕ್ಕಿಳಿದು ಎಲೆಯ ಅಂಚಿಗೆ ಬಿತ್ತು.

"ಯಾಕ ಅಳಾಕತ್ತೀ, ತಂಗಿ?" ಎಂದಳು ಆ ಹೆಂಗಸು.

ಕಾಶಿಬಾಯಿ ದಿನದ ಮಾತು ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ.

"ನಮ್ಮಕ್ಕ ತೀರಿಕೊಂಡಾಳ್ರಿ."

"ಶಿವನ. ಯಾವಾಗ?"

"ಆರು ವರ್ಷಾತ್ರಿ."

ಆ ಹೆಂಗಸು ಅವಳ ಮುಖವನ್ನೇ ನೋಡಿದಳು. ಆರು ವರ್ಷದ ಸಾವಿಗೆ ಈಗ ಅಳುವವಳನ್ನು ಕಂಡು ಅಚ್ಚರಿಪಟ್ಟಂತೆ ಕಾಣಲಿಲ್ಲ. ಎಡಗೈಯನ್ನು ಕಾಶಿಬಾಯಿಯ ಬೆನ್ನ ಮೇಲೆ ಇಟ್ಟಳು. ನಂತರ, ಬಕೆಟ್ಟು ಹಿಡಿದು ಸಾಲಿನ ಕೊನೆಗೆ ಹೋಗಿಬಿಟ್ಟಿದ್ದ ಬಡಿಸುವವನನ್ನು ಕರೆದು, "ಯಪ್ಪಾ, ಈಕಿಗೆ ಇನ್ನಷ್ಟು ಹಾಕು" ಎಂದಳು.